ಮಾಗಡಿಗೆ ಎರಡು ಮೀಟರಿನ ದಾರಿ

ಚನ್ನಪಟ್ಟಣ
ಸೋಮವಾರ, 20 ಜನವರಿ 2025

ಪ್ರೀತಿಯ ಫಕ್ರು ಭಾಯಿಗೆ, ತಮ್ಮ ಮೆಹಬೂಬನ ಸಲಾಮ್.

ಮೊದಲು ನಿಮ್ಮ ಆರೋಗ್ಯ ಹೇಗಿದೆ? ಆಪರೇಷನ್ನಿನಲ್ಲಿ ಮಾಡಿದ ಕತ್ತಿನ ರಂಧ್ರದ ಸುತ್ತ ಚರ್ಮ ಕೆಂಪಾಗಿದೆ ಎಂದು ನಿಮ್ಮ ಮಗಳು ಮಹ್ವಿಶ್ ಹೋದ ವಾರ ಫೋನಿನಲ್ಲಿ ಹೇಳಿದಳು. ಡಾಕ್ಟರು ಬರೆದುಕೊಟ್ಟ ಮುಲಾಮು ಹಚ್ಚುತ್ತಿದ್ದೀರಿ ತಾನೆ? ಮೂಗಿನಿಂದ ಹೋಗಬೇಕಾದ ಉಸಿರು ನೇರ ಕತ್ತಿನಿಂದಲೇ ಹೋಗುವಾಗ ಈ ಚಳಿಗಾಲದ ಧೂಳು ಒಳ್ಳೆಯದಲ್ಲ, ಒದ್ದೆ ಬಟ್ಟೆ ಕಟ್ಟಿಕೊಳ್ಳದೆ ತಾರಸಿಗೂ ಹೋಗಬೇಡಿ. ಅಕ್ಬರಿ ತನ್ನ ಹಳೆಯ ಮಲ್ಮಲ್ ದುಪಟ್ಟಾ ಹರಿದು ಹನ್ನೆರಡು ಚೌಕ ಹೊಲಿದಿದ್ದಾಳೆ. ಇದೇ ಕವರಿನಲ್ಲಿವೆ. ಅಂಚು ಕತ್ತಿಗೆ ಚುಚ್ಚಬಾರದೆಂದು ಒಳಮಡಿಕೆ ಹಾಕಿದ್ದಾಳಂತೆ, ಅದನ್ನು ಬರೆಯಲೇಬೇಕೆಂದು ಪಕ್ಕದಲ್ಲೇ ನಿಂತಿದ್ದಾಳೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಕಾರ್ಖಾನೆಯಲ್ಲಿ ಮಕ್ಕಳ ಗಿಲಕಿಯ ಆರ್ಡರು ನಡೆಯುತ್ತಿದೆ. ಈ ಸಲ ಬಂದ ಆಲೆ ಮರ ಸರಿಯಾಗಿ ಒಣಗಿರಲಿಲ್ಲ, ಲೇತಿಗೆ ಹಾಕಿದರೆ ನೀರು ಚಿಮ್ಮುತ್ತಿತ್ತು. ನೀವಿದ್ದಿದ್ದರೆ ಆ ಗಾಡಿಯನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದಿರಿ.

ಫೋನಿರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ಫೋನಿಗೆ ನೀವು ಸಿಗುವುದಿಲ್ಲ. ನಾನು ಕಳಿಸಿದ ಮೆಸೇಜುಗಳನ್ನು ಹದಿನಾಲ್ಕು ತಿಂಗಳಿಂದ ನೀವು ತೆರೆದೇ ಇಲ್ಲ. ವಿಡಿಯೋ ಕಾಲ್ ಮಾಡಿದರೆ ಎದ್ದು ಹೋಗುತ್ತೀರಿ. ಆಸ್ಪತ್ರೆಯವರು ಕೊಟ್ಟ, ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ಬೀರುವಿನಲ್ಲೇ ಇದೆಯಂತೆ. ಮಹ್ವಿಶ್ ಹೇಳುವ ಪ್ರಕಾರ ಪೋಸ್ಟ್‌ಮ್ಯಾನ್ ತಂದದ್ದನ್ನು ಮಾತ್ರ ನೀವು ಓದುತ್ತೀರಿ, ಅದು ಕರೆಂಟ್ ಬಿಲ್ಲೇ ಆಗಿರಲಿ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಿಬ್ಬರಿಗೂ ಉರ್ದು ಬಾಯಲ್ಲಿ, ಕನ್ನಡ ಕೈಯಲ್ಲಿ. ಸರ್ಕಾರಿ ಶಾಲೆಯ ಮೇಷ್ಟ್ರು ತಿದ್ದಿದ ಕೈಬರಹ ಇನ್ನೂ ಹಾಳಾಗಿಲ್ಲ, ನೋಡಿ.

ನೀವು ಮಾಗಡಿಗೆ ಹೊರಟ ದಿನ ಟ್ರಂಕನ್ನು ಟೆಂಪೋಗೆ ಏರಿಸಿದವನು ನಾನೇ. ಅದರ ತೂಕ ಬಟ್ಟೆಯ ತೂಕವಾಗಿರಲಿಲ್ಲ. ಮಹ್ವಿಶ್‌ಳನ್ನು ಕೇಳಿದೆ. ಲುಂಗಿಗಳ ನಡುವೆ ನಿಮ್ಮ ಎರಡು ಮೀಟರ್ ಬ್ಯಾಂಡಿನ ಹ್ಯಾಮ್ ರೇಡಿಯೋ ಸೆಟ್ಟನ್ನು ಸುತ್ತಿ ಇಟ್ಟಿದ್ದಿರಂತೆ. ದೊಡ್ಡ ಸೆಟ್ಟನ್ನು ನನಗೆ ಬಿಟ್ಟಿರಿ, ಪುಸ್ತಕಗಳನ್ನು ಬಿಟ್ಟಿರಿ, ಭಾಭಿಯ ಫೋಟೋ ಕೂಡ ಗೋಡೆಯಲ್ಲೇ ಬಿಟ್ಟಿರಿ. ಮಾತು ಪೂರ್ತಿ ಮುಗಿಯಿತು ಎಂದುಕೊಂಡ ಮನುಷ್ಯ ರೇಡಿಯೋ ಸೆಟ್ ಕಟ್ಟಿಕೊಂಡು ಹೋಗುವುದಿಲ್ಲ ಎಂದು ನಾನು ಆವತ್ತೇ ಯೋಚಿಸಿದೆ. ಆದರೆ ಆ ಯೋಚನೆಗೆ ಕೈ ಹಾಕಲು ಒಂದು ವರ್ಷ ತೆಗೆದುಕೊಂಡೆ. ಅದು ನನ್ನ ಸೋಮಾರಿತನ.

ಹೋದ ಅಕ್ಟೋಬರಿನಲ್ಲಿ ಅಕ್ಬರಿಗೆ ಹೇಳಿದೆ, ಭಾಯಿ ಜೊತೆ ರೇಡಿಯೋದಲ್ಲಿ ಮಾತಾಡಬೇಕು ಎಂದು. ಅವಳು ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತದೆಯೇ, "ಮಾಗಡಿಗೆ ದಿನಕ್ಕೆ ಎಷ್ಟು ಬಸ್ಸಿವೆ? ಹತ್ತಿ ಹೋದ್ರೆ ಆಗಲ್ವಾ?" ಎಂದಳು. ನಾಲ್ಕು ಸಲ ಹತ್ತಿ ಬಂದೆನಲ್ಲ, ಭಾಯಿ. ನಾಲ್ಕು ಸಲವೂ ನೀವು ಪೇಪರು ಅಡ್ಡ ಹಿಡಿದು ಕೂತಿರಿ, ನಾನು ಮಕ್ಕಳ ಜೊತೆ ಕೇರಂ ಆಡಿ ವಾಪಸು ಬಂದೆ. ಆ ನಾಲ್ಕು ಸಲದಲ್ಲಿ ಸ್ಲೇಟಿನ ಮೇಲೆ ನೀವು ನನಗಾಗಿ ಬರೆದದ್ದು ಒಂದೇ ಮಾತು, "ಊಟ ಮಾಡಿ ಹೋಗು." ನನ್ನ ಅಣ್ಣ ಬರವಣಿಗೆಯಲ್ಲಿ ಮಾತಾಡುವವರಲ್ಲ. ಆದರೆ ಮೋರ್ಸ್ ಕೀ ಹಿಡಿದರೆ ಈ ಜಿಲ್ಲೆಯಲ್ಲಿ ಅವರಷ್ಟು ಮಾತಾಡುವವರು ಇರಲಿಲ್ಲ. ತಾರ್ ಆಫೀಸಿನ ಬೋರಲಿಂಗಯ್ಯನವರು ನಿಮಗೆ ಚುಕ್ಕೆ ಗೆರೆಯ ಆ ಮೋರ್ಸ್ ಭಾಷೆ ಕಲಿಸಿದರು, ನೀವು ಉಳಿಯ ಹಿಡಿಯನ್ನು ಲೇತಿನ ಹಲಗೆಗೆ ತಟ್ಟಿ ನನಗೆ ಕಲಿಸಿದಿರಿ. ಅಬ್ಬಾ ಪಕ್ಕದಲ್ಲೇ ಅರಗು ಹಚ್ಚುತ್ತಾ ಕೂತಿದ್ದರೂ ನಾವು ಅವರನ್ನೇ ಆಡಿಕೊಳ್ಳುತ್ತಿದ್ದದ್ದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಭಾಷೆಗೆ ಗಂಟಲು ಬೇಕಿಲ್ಲ ಎನ್ನುವುದು ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು.

ತೊಂದರೆ ಇದ್ದದ್ದು ಇಷ್ಟೇ, ನಿಮ್ಮ ಹತ್ತಿರ ಇರುವ ಸೆಟ್ಟು ಎರಡು ಮೀಟರಿನದು, ನನ್ನ ಹತ್ತಿರ ಇರುವುದಕ್ಕೆ ಎರಡು ಮೀಟರ್ ಬರುವುದಿಲ್ಲ. ದೊಡ್ಡ ಸೆಟ್ಟಿನ ನಲವತ್ತು ಮೀಟರಿನಲ್ಲೇ ಮಾತಾಡೋಣವೆಂದರೆ ನಿಮಗೆ ಇನ್ನೊಂದು ಸೆಟ್ಟು ಬೇಕು, ಮೇಲೆ ಇಪ್ಪತ್ತು ಮೀಟರ್ ಉದ್ದದ ತಂತಿ ಎಳೆಯಬೇಕು. ಮಹ್ವಿಶ್ ಮನೆಯ ತಾರಸಿ ಎಂಟು ಹೆಜ್ಜೆಗೆ ಮುಗಿಯುತ್ತದೆ, ಪಕ್ಕದಲ್ಲೇ ಕರೆಂಟಿನ ತಂತಿ. ಎರಡು ಮೀಟರಿನ ಆಂಟೆನಾ ಆದರೆ ಹಳೆಯ ಟಿವಿ ಆಂಟೆನಾದಷ್ಟು, ಒಂದು ಪೈಪಿಗೆ ಕಟ್ಟಿದರೆ ಆಯಿತು. ಹಾಗಾಗಿ ಬದಲಾಗಬೇಕಾದವನು ನಾನು. ಈಗ ಎಲ್ಲರ ಕೈಯಲ್ಲೂ ಇರುವ ಸಣ್ಣ ವಾಕಿಟಾಕಿಯಂಥ ಸೆಟ್ಟು ನೋಡಿದೆ. ಅದು ಬಾಯಿ ಇದ್ದವರ ಸೆಟ್ಟು. ಕೀ ಚುಚ್ಚಲು ಅದರಲ್ಲಿ ಜಾಗವೇ ಇಲ್ಲ, ಬೆಟ್ಟ ಅಡ್ಡ ಬಂದರೆ ಅದರ ದನಿ ಅಲ್ಲಿಗೇ ನಿಲ್ಲುತ್ತದೆ. ಎಲ್ಲ ಬ್ಯಾಂಡೂ ಇರುವ ಹೊಸ ಸೆಟ್ಟನ್ನು ಹೊರದೇಶದಿಂದ ತರಿಸಬೇಕು, ಅದರ ಕಾಗದಪತ್ರಕ್ಕೆ ಅಲೆಯುವಷ್ಟು ಮಂಡಿ ನನಗಿಲ್ಲ. ಉಳಿದದ್ದು ಟ್ರಾನ್ಸ್‌ವರ್ಟರ್.

ನೀವು ನಗುತ್ತೀರಿ ಎಂದು ಗೊತ್ತು. "ಟ್ರಾನ್ಸ್‌ವರ್ಟರ್ ಅಂದ್ರೆ ಕುಂಟನಿಗೆ ಊರುಗೋಲು" ಎಂದು ನೀವೇ ಹೇಳುತ್ತಿದ್ದಿರಿ. ಅಕ್ಬರಿ ಅದೇನೆಂದು ಕೇಳಿದಾಗ ನಾನು ದುಭಾಷಿ ಎಂದೆ. ದೊಡ್ಡ ಸೆಟ್ಟು ಇಪ್ಪತ್ತೆಂಟು ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಈ ಡಬ್ಬಿ ಅದಕ್ಕೆ ನೂರ ಹದಿನಾರು ಕೂಡಿಸಿ ನೂರ ನಲವತ್ತನಾಲ್ಕು ಮಾಡಿ ಆಕಾಶಕ್ಕೆ ಬಿಡುತ್ತದೆ, ಅಲ್ಲಿಂದ ಬಂದದ್ದಕ್ಕೆ ಅಷ್ಟೇ ಕಳೆದು ಸೆಟ್ಟಿಗೆ ಕೊಡುತ್ತದೆ. ಅವಳು ಸ್ವಲ್ಪ ಯೋಚಿಸಿ, "ನಮ್ಮ ಮದುವೆ ಮಾತಾಡೋಕೆ ಬಂದ ಫೂಫಿ ಥರ" ಎಂದಳು. ಆ ಸೋದರತ್ತೆ ನಡುವೆ ತನ್ನದೂ ಎರಡು ಮಾತು ಸೇರಿಸುತ್ತಿದ್ದಳು. ಟ್ರಾನ್ಸ್‌ವರ್ಟರಿನಲ್ಲೂ ಅದೇ ಕಷ್ಟ. ಕೆಟ್ಟದ್ದಾದರೆ ಬೇಡದ ಸಿಗ್ನಲ್ಲುಗಳನ್ನೂ ಸೇರಿಸಿ ಊರಿಗೆಲ್ಲ ಹರಡುತ್ತದೆ.

ಉಯ್ಯಂಬಳ್ಳಿಯ ಅನಂತರಾಜು ನಿಮಗೆ ನೆನಪಿರಬೇಕು. ರೇಷ್ಮೆ ಬೆಳೆಯುವವನು, ನೀವೇ ಪರೀಕ್ಷೆಗೆ ಓದಿಸಿ ಲೈಸೆನ್ಸ್ ಕೊಡಿಸಿದವನು. ರಾಮನಗರದ ಮಾರುಕಟ್ಟೆಗೆ ಗೂಡು ತರುತ್ತಾನೆಂದು ತಿಳಿದು ಒಂದು ಬೆಳಿಗ್ಗೆ ಅಲ್ಲಿಗೇ ಹೋದೆ. ಗೂಡಿನ ತಟ್ಟೆಗಳ ನಡುವೆ ನನ್ನನ್ನು ಕಂಡು, "ಏನ್ ಮೆಹಬೂಬಣ್ಣ, ಬೊಂಬೆ ಬುಟ್ಟು ರೇಷ್ಮೆಗೆ ಇಳ್ದ್‌ಬುಟ್ಟಾ?" ಎಂದ. ವಿಷಯ ಹೇಳಿದೆ. ಅವನು ಒಂದು ವರ್ಷದ ಹಿಂದೆ ಚೀನಾದ ಟ್ರಾನ್ಸ್‌ವರ್ಟರ್ ಬೋರ್ಡು ತರಿಸಿದ್ದನಂತೆ. "ಸೆಟ್ಟಿನ ನೂರು ವ್ಯಾಟೂ ಹಂಗೇ ಅದರ ಬಾಯಿಗೆ ತಳ್‌ಬುಟ್ಟೆ ಕಣಣ್ಣ. ಒಸಿ ಹೊಗೆ ಬಂತು. ಆಮ್ಯಾಕೆ ಏನೂ ಬರ್ನಿಲ್ಲ" ಎಂದು ತನ್ನ ಮೇಲೆ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ ಮಾತು ನನಗೆ ಪಾಠವಾಯಿತು. "ಎಷ್ಟು ಕಕ್ತೈತೆ ಅಂತ ನೋಡ್‌ಬ್ಯಾಡ. ಮೊದ್ಲು ಎಷ್ಟು ತಿಂತೈತೆ ನೋಡು." ಹೌದಲ್ಲವೇ? ನಮ್ಮ ಸೆಟ್ಟನ್ನು ಎಷ್ಟು ಇಳಿಸಿದರೂ ಐದು ವ್ಯಾಟಿಗಿಂತ ಕೆಳಗೆ ಬರುವುದಿಲ್ಲ, ಆ ಬೋರ್ಡು ತಡೆದುಕೊಳ್ಳುವುದು ಅದರಲ್ಲಿ ಸಣ್ಣ ಪಾಲು.

ಅವನು ರಿಪೇರಿ ಮಾಡಿಸಿದ ಆ ಬೋರ್ಡನ್ನೇ ವಾರದ ಮಟ್ಟಿಗೆ ಕೊಟ್ಟ. ಪವರ್ ತಿಂದುಹಾಕಲು ರೆಸಿಸ್ಟರುಗಳ ಒಂದು ಡಬ್ಬಿ ಮಾಡಿ ನಡುವೆ ಕೂಡಿಸಿದೆ, ಸುಡಲಿಲ್ಲ. ಕೇಳುವುದರಲ್ಲೂ ಪರವಾಗಿಲ್ಲ. ಆದರೆ ಗುರುತಿಗೆಂದು ಒಂದೇ ಸ್ವರ ಹೊರಡಿಸುವ ಸಣ್ಣ ಆಸಿಲೇಟರನ್ನು ಪಕ್ಕದಲ್ಲಿಟ್ಟು, ಅದರ ಶಿಳ್ಳೆ ಡಯಲಿನಲ್ಲಿ ಎಲ್ಲಿ ಕೇಳುತ್ತದೆಂದು ಗಂಟೆಗೊಮ್ಮೆ ಬರೆದುಕೊಂಡೆ. ಬೆಳಿಗ್ಗೆ ಎಂಟಕ್ಕೆ ಇದ್ದ ಜಾಗದಲ್ಲಿ ಮಧ್ಯಾಹ್ನ ಎರಡಕ್ಕೆ ಇಲ್ಲ. ಎರಡೂವರೆ ಕಿಲೋಹರ್ಟ್ಸ್ ಜಾರಿತ್ತು. ಬಿಸಿಲು ಏರಿದ ಹಾಗೆ ಬೋರ್ಡಿನ ಒಳಗೆ ಆವರ್ತನ ಹಿಡಿದಿಡುವ ಹರಳು ಬಿಸಿಯಾಗಿ ಜಾಗ ಬಿಡುತ್ತಿತ್ತು. ಬಾಯಲ್ಲಿ ಮಾತಾಡುವವರಿಗೆ ಇದು ಸಣ್ಣ ಮಾತು, ಡಯಲು ಸ್ವಲ್ಪ ತಿರುಗಿಸಿದರೆ ಮುಗಿಯಿತು. ಮೋರ್ಸ್ ಕೇಳಲು ಸಣ್ಣ ಸಂದಿಯಂಥ ಫಿಲ್ಟರ್ ಹಾಕಿಕೊಂಡು ಕೂತವನಿಗೆ ಎದುರಿನವರು ಪೂರ್ತಿ ಮಾಯವಾಗುತ್ತಾರೆ.

ಇನ್ನೆರಡು ಆಯ್ಕೆ ಇದ್ದವು. ಒಂದು ಅರವತ್ತು ವ್ಯಾಟಿನದು, ದೊಡ್ಡ ಫ್ಯಾನು, ನೋಡಲು ಗಂಭೀರ. ಇನ್ನೊಂದು ಬೆಂಗಳೂರಿನ ಹ್ಯಾಮ್ ಕ್ಲಬ್ಬಿನ ಒಬ್ಬರು ಜೋಡಿಸಲು ಆಗದೆ ಇಟ್ಟುಕೊಂಡಿದ್ದ ಕಿಟ್ಟು. ಹತ್ತೇ ವ್ಯಾಟು. ಆದರೆ ಹರಳಿಗೆ ಒಂದು ಪುಟ್ಟ ಬಿಸಿಗೂಡು ಇದೆ, ಹೊರಗೆ ಚಳಿಯಿರಲಿ ಬಿಸಿಲಿರಲಿ ಒಳಗೆ ಒಂದೇ ಶಾಖ, ಹಾಗಾಗಿ ಜಾರುವುದಿಲ್ಲ. ಅನಂತರಾಜು ದೊಡ್ಡದನ್ನೇ ಕೊಳ್ಳು ಎಂದ. ನಾನು ಎರಡು ದಿನ ಯೋಚಿಸಿದೆ. ರೇಡಿಯೋದ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಹದಿನಾಲ್ಕು ತಿಂಗಳು ಕೀ ಮುಟ್ಟದ ಕೈ. ಒಂದು ಅಕ್ಷರ ಒತ್ತಿ ನೀವು ನಿಲ್ಲಿಸಬಹುದು. ಹತ್ತು ನಿಮಿಷ ಬಿಟ್ಟು ಇನ್ನೊಂದು ಒತ್ತಬಹುದು. ಆ ಹತ್ತು ನಿಮಿಷದಲ್ಲಿ ನನ್ನ ಡಬ್ಬಿ ನಿಮ್ಮಿಂದ ದೂರ ಜಾರಿ ಹೋಗಿದ್ದರೆ, ನೀವು ಒತ್ತಿದ್ದು ನನಗೆ ಕೇಳಿಸದೆ, ನಾನು ಎದ್ದು ಹೋದೆ ಎಂದು ನೀವು ತಿಳಿದರೆ? ಜೋರಾಗಿ ಕೂಗುವುದಕ್ಕಿಂತ ಜಾಗ ಬಿಡದೆ ಕೂತಿರುವುದು ಮುಖ್ಯ ಎನ್ನಿಸಿತು. ಹತ್ತು ವ್ಯಾಟಿನದನ್ನು ತಂದೆ.

ಜೋಡಿಸಲು ಹದಿನೇಳು ದಿನ ಹಿಡಿಯಿತು. ಕಣ್ಣು ಮೊದಲಿನ ಹಾಗಿಲ್ಲ, ಸಾಸಿವೆ ಕಾಳಿನಷ್ಟು ಕೆಪಾಸಿಟರನ್ನು ಚಿಮುಟದಲ್ಲಿ ಹಿಡಿದರೆ ಉಸಿರಿಗೇ ಹಾರಿ ಹೋಗುತ್ತದೆ. ಕಾಯಿಲು ಸುತ್ತಲು ಬೇಕಾದ ಗಾತ್ರದ ಕಡ್ಡಿಯನ್ನು ಲೇತಿನಲ್ಲೇ ತೆಗೆದೆ, ಅದೊಂದರಲ್ಲಿ ಮಾತ್ರ ನನ್ನನ್ನು ಯಾರೂ ಮೀರಿಸಲಾರರು. ಮೊದಲ ಸಲ ಹಚ್ಚಿದಾಗ, ಕೇಳುವುದರಿಂದ ಕಳಿಸುವುದಕ್ಕೆ ಬದಲಿಸುವ ರಿಲೇ ತಡವಾಗಿ ಬೀಳುತ್ತಿತ್ತು, ಕಳಿಸಿದ ಪ್ರತಿ ಮಾತಿನ ಮೊದಲ ಚುಕ್ಕೆ ನುಂಗಿಹೋಗುತ್ತಿತ್ತು. ಮೊದಲು ರಿಲೇ ಬೀಳಲಿ, ಆಮೇಲೆ ಪವರ್ ಹೋಗಲಿ ಎಂದು ನಡುವೆ ಒಂದು ಸಣ್ಣ ತಡೆ ಹಾಕಿ ಅದನ್ನೂ ಸರಿ ಮಾಡಿದೆ.

ಮೊನ್ನೆ ಶನಿವಾರ ಬೆಳಿಗ್ಗೆ ಪರೀಕ್ಷೆ ನಡೆಯಿತು. ನಿಮಗೆ ಹೇಳದೆ ಮಾಡಿದ್ದಕ್ಕೆ ಕ್ಷಮೆ ಇರಲಿ. ಅನಂತರಾಜು ತನ್ನ ಬ್ಯಾಟರಿ ಸೆಟ್ಟು, ಬೋರ್ಡು, ಮೂರು ಕಡ್ಡಿಯ ಆಂಟೆನಾ ಎಲ್ಲವನ್ನೂ ಬೈಕಿಗೆ ಕಟ್ಟಿಕೊಂಡು ಮಾಗಡಿಯ ಹೊರಗೆ ಒಂದು ಕೆರೆ ಏರಿಯ ಮೇಲೆ ನಿಂತ. ನಿಮ್ಮ ಮನೆಯಿಂದ ಎರಡು ಕಿಲೋಮೀಟರೂ ಇಲ್ಲ. ಮನೆಗೆ ಮಾತ್ರ ಹೋಗಬೇಡ ಎಂದು ನಾನೇ ಹೇಳಿದ್ದೆ. ಇಲ್ಲಿ ನಾನು ತಾರಸಿಯಲ್ಲಿ ಆಂಟೆನಾವನ್ನು ನೇರ ಮಾಗಡಿಗೆ ತಿರುಗಿಸಿ ಅರ್ಧ ಗಂಟೆ ಕರೆದೆ. ಬರೀ ಮರಳು ಸುರಿದ ಸದ್ದು. ನಡುವಿನ ಗುಡ್ಡಗಳು ಒಂದು ಚುಕ್ಕೆಯನ್ನೂ ಬಿಡಲಿಲ್ಲ. ಇಳಿದು ಬಂದು ಮೆಟ್ಟಿಲ ಮೇಲೆ ಕೂತೆ. ಅಕ್ಬರಿ ಚಹಾ ಇಟ್ಟು ಹೋದಳು. ಆಗ ಅನಂತರಾಜು ಫೋನು ಮಾಡಿದ. "ಅಣ್ಣಾ, ಮಾಗಡಿ ಕಡೀಕೆ ತಿರುಗಿಸ್‌ಬ್ಯಾಡ. ಸಾವನದುರ್ಗದ ಬಂಡೆ ಕಡೀಕೆ ತಿರುಗ್ಸು. ನಾನೂ ಅತ್ಲಾಗೇ ತಿರುಗಿಸ್ತೀನಿ. ಅಷ್ಟ್ ದೊಡ್ ಬಂಡೆ, ಒಸಿನಾದ್ರೂ ವಾಪಸ್ ಕೊಡ್ದೇ ಇರ್ತೈತಾ?"

ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಲಕ್ಕೆ ತಿರುಗಿಸಿದೆ. ಮರಳಿನ ಸದ್ದಿನ ಒಳಗಿಂದ ಸೂಜಿಯ ಮೊನೆಯಷ್ಟು ಒಂದು ದನಿ. ಇನ್ನೆರಡು ಬೆರಳಿನಷ್ಟು ತಿರುಗಿಸಿದರೆ ಅಕ್ಷರ. ಅನಂತರಾಜು ಮೈಕಿನಲ್ಲೂ ಮಾತಾಡಿ ನೋಡಿದ, ಅದು ಬರೀ ಗೊರಗೊರ, ಒಂದು ಪದವೂ ತಿಳಿಯಲಿಲ್ಲ. ಕೀ ಒತ್ತಿದರೆ ಮಾತ್ರ ಚುಕ್ಕೆ ಚುಕ್ಕೆಯಾಗಿ ಬಿಡಿಸಿಕೊಂಡು ಬಂತು. ಕೇಳಿ ಭಾಯಿ, ಇದು ನಿಮ್ಮ ಸಮಾಧಾನಕ್ಕೆ ಬರೆದದ್ದಲ್ಲ, ಪರೀಕ್ಷೆಯಲ್ಲಿ ಕಂಡದ್ದು: ಚನ್ನಪಟ್ಟಣದಿಂದ ಮಾಗಡಿಗಿರುವ ಈ ದಾರಿಯಲ್ಲಿ ಬಾಯಿ ಇದ್ದವನ ಮಾತು ದಾಟಲಿಲ್ಲ. ಬೆರಳಿನ ಮಾತು ದಾಟಿತು. ಒಂದು ಗಂಟೆ ಮಾತಾಡಿದೆವು. ಡಬ್ಬಿ ಒಂದಿಷ್ಟೂ ಜಾರಲಿಲ್ಲ. ಕೊನೆಗೆ ಅವನು ಕಳಿಸಿದ್ದು, "ಫಕ್ರಣ್ಣ ಯಾವಾಗ ಬತ್ತಾರೆ?" ಎಂದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕಳಿಸುವ ಅವನ ಚಾಳಿ ಇನ್ನೂ ಹೋಗಿಲ್ಲ. ನಾನು, ಗೊತ್ತಿಲ್ಲ ಎಂದು ಉತ್ತರಿಸಿದೆ.

ಹಾಗಾಗಿ ಈಗ ನಿಮ್ಮ ಕಡೆಯ ಕೆಲಸ ಇಷ್ಟೇ. ಅನಂತರಾಜು ಬರುವ ಗುರುವಾರ ಅದೇ ಮೂರು ಕಡ್ಡಿಯ ಆಂಟೆನಾ ತಂದುಕೊಟ್ಟು ಹೋಗುತ್ತಾನೆ. ಪೈಪು, ಕ್ಲ್ಯಾಂಪು ನಿಮ್ಮ ಅಳಿಯ ಓವೈಸ್ ಹತ್ತಿರ ಇವೆಯಂತೆ, ನೀರಿನ ಟ್ಯಾಂಕಿನ ಪಕ್ಕದ ಗೋಡೆಗೆ ಕಟ್ಟಿಕೊಡುತ್ತೇನೆ ಎಂದಿದ್ದಾನೆ. ತಾರಸಿಯಿಂದ ಸಾವನದುರ್ಗ ಕಾಣುತ್ತದೆ, ಬಂಡೆಯ ಅಗಲವಾದ ಮೈಗೆ ತಿರುಗಿಸಿ. ಡಯಲಿನಲ್ಲಿ ನೂರ ನಲವತ್ತನಾಲ್ಕು ಪಾಯಿಂಟ್ ಸೊನ್ನೆ ಆರು ಸೊನ್ನೆ. ಶನಿವಾರದಿಂದ ದಿನಾ ಬೆಳಿಗ್ಗೆ ಹತ್ತರಿಂದ ಹತ್ತೂವರೆ ತನಕ ಅಲ್ಲಿ ಕೂತಿರುತ್ತೇನೆ, ಲೇತು ಆ ಹೊತ್ತು ನಿಲ್ಲಿಸುತ್ತೇನೆ. ನೀವು ಉತ್ತರಿಸಲೇಬೇಕೆಂದೇನೂ ಇಲ್ಲ. ಬರೀ ಕೇಳಿದರೂ ಸಂತೋಷ. ಕೇಳುತ್ತಿದ್ದೀರೋ ಇಲ್ಲವೋ ನನಗೆ ತಿಳಿಯುವುದಿಲ್ಲ, ಆದರೂ ಊರಿನ ಸುದ್ದಿಯೆಲ್ಲ ಕಳಿಸುತ್ತಿರುತ್ತೇನೆ.

ಮಹ್ವಿಶ್‌ಗೂ ಮಕ್ಕಳಿಗೂ ನಮ್ಮಿಬ್ಬರ ದುವಾ ಹೇಳಿ. ಬಟ್ಟೆಯ ಚೌಕಗಳನ್ನು ಬಿಸಿನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕಂತೆ, ಇದು ಅಕ್ಬರಿಯ ಹುಕುಂ. ಅಲ್ಲಾಹ್ ನಿಮ್ಮನ್ನು ಕಾಪಾಡಲಿ, ನಿಮ್ಮ ಕೈಗೆ ಬಲ ಕೊಡಲಿ.

ನಿಮ್ಮ ತಮ್ಮ,
ಮೆಹಬೂಬ್

ಕೊನೆಗೊಂದು ಮಾತು: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪೋಸ್ಟಿನ ಡಬ್ಬ ತೆಗೆಯುವ ಹೊತ್ತಾಗುತ್ತಿದೆ, ಬೇಗ ಬರೆದು ಮುಗಿಸುತ್ತೇನೆ. ಆಪರೇಷನ್ ದಿನ ಡಾಕ್ಟರು ನಡುವೆಯೇ ಹೊರಗೆ ಬಂದು, ಸ್ವಲ್ಪ ಭಾಗ ತೆಗೆದರೆ ಸಾಲದು, ಪೂರ್ತಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲವಾದರೆ ವರ್ಷ ಉಳಿಯುವುದು ಕಷ್ಟ, ಈಗಲೇ ಸಹಿ ಬೇಕು ಎಂದರು. ಪೂರ್ತಿ ಬೇಡವೆಂದು ನೀವು ಮೊದಲೇ ನನಗೂ ಓವೈಸ್‌ಗೂ ಹೇಳಿದ್ದಿರಿ. ಓವೈಸ್ ಪೆನ್ನು ಮುಟ್ಟಲಿಲ್ಲ. "ಚಾಚಾ, ಮಾಮು ಬೇಡ ಅಂದಿದ್ದಾರೆ. ಎಚ್ಚರ ಆಗ್ಲಿ, ಅವರನ್ನೇ ಕೇಳೋಣ" ಎಂದ. ಸಹಿ ಹಾಕಿದವನು ನಾನು. ನನಗೆ ಅಣ್ಣ ಬೇಕಿತ್ತು, ಅಷ್ಟೇ ಯೋಚಿಸಿದೆ. ಐದನೆಯ ದಿನ ನೀವು ಸ್ಲೇಟಿನಲ್ಲಿ "ಸಹಿ ಯಾರದು?" ಎಂದು ಬರೆದಾಗ ನನ್ನ ನಾಲಿಗೆ ಏಳಲಿಲ್ಲ. ಓವೈಸ್ ನನ್ನ ಮುಖ ನೋಡಿ, "ನಂದೇ ಮಾಮು" ಎಂದುಬಿಟ್ಟ. ಹೊರಗೆ ಬಂದ ಮೇಲೆ, "ನೀವಿಬ್ಬರು ಅಣ್ಣತಮ್ಮಂದಿರು, ಮುರಿಯೋದು ಬೇಡ. ನಾನು ಅಳಿಯ, ತಡ್ಕೋತೀನಿ" ಎಂದ. ಅವನು ಹದಿನಾಲ್ಕು ತಿಂಗಳು ತಡೆದುಕೊಂಡಿದ್ದಾನೆ. ಅವನ ಕೈಯ ಚಹಾ ನೀವು ಮುಟ್ಟುವುದಿಲ್ಲವಂತೆ, ಅವನು ಒಳಗೆ ಬಂದರೆ ಗೋಡೆಯ ಕಡೆ ತಿರುಗುತ್ತೀರಂತೆ. ಮಹ್ವಿಶ್‌ಗೆ ಇವತ್ತಿಗೂ ನಿಜ ಗೊತ್ತಿಲ್ಲ. ಈ ಕಾಗದ ಓದಿದ ತಕ್ಷಣ ಅವನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಸಿಟ್ಟು ನನ್ನ ಪಾಲಿನದು, ನನಗೇ ಕಳಿಸಿ. ಬೆಳಿಗ್ಗೆ ಹತ್ತಕ್ಕೆ ಕೂತಿರುತ್ತೇನೆ. ಎಷ್ಟು ನಿಧಾನವಾಗಿ ಬೈದರೂ ಸರಿ, ಒಂದಕ್ಷರ ಬಿಡದೆ ಬರೆದುಕೊಳ್ಳುತ್ತೇನೆ.